ಹೊಡೆದವನ ಪಾಲು

ಆ ಶುಕ್ರವಾರ ಬೆಳಿಗ್ಗೆಯಿಂದ ಓಟ್ಮಾರನ ಕೈಗೆ ಬಂದ ಒಂದು ಕಲ್ಲೂ ಸರಿಯಾಗಿ ದನಿ ಕೊಡಲಿಲ್ಲ. ಗಣಿಯಿಂದ ಎಬ್ಬಿಸಿ ತಂದ ಚಪ್ಪಡಿಯನ್ನು ತೊಡೆಗೆ ಆನಿಸಿಕೊಂಡು ಸುತ್ತಿಗೆಯ ತುದಿಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯ ಹಾಗೆ ನುಡಿಯಬೇಕು. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಒಡಕು ಮಡಕೆಯ ಸದ್ದು. ಇವತ್ತು ಎಲ್ಲವೂ ಒಡಕು ಮಡಕೆಗಳೇ. ಕಲ್ಲಿನ ದೋಷವೋ ತನ್ನ ಕಿವಿಯದೋ ತಿಳಿಯದೆ ಅವನು ಒಂದೊಂದನ್ನೇ ಬೆನ್ನ ಹಿಂದಿನ ದಿಬ್ಬಕ್ಕೆ ಎಸೆಯುತ್ತಿದ್ದ. ಅಪ್ಪ, ಅಜ್ಜ, ಅವರಪ್ಪ ಎಸೆದ ಕಲ್ಲುಚೂರುಗಳೇ ಕೂಡಿ ಗುಡ್ಡವಾಗಿದ್ದ ಆ ದಿಬ್ಬದ ಮೇಲೆ ಹೊಸ ಚೂರುಗಳು ಜಾರಿ, ಉರುಳಿ, ಕಿಣಿಕಿಣಿ ನಗುವ ಹಾಗೆ ಸದ್ದು ಮಾಡುತ್ತಿದ್ದವು. ಎದುರಿನ ಗುಡಿಸಲಿನಲ್ಲಿ ಕೂತು ಚಪ್ಪಡಿಯ ಅಂಚು ಕತ್ತರಿಸುತ್ತಿದ್ದ ಕೊರ್ಬಿನಿಯನ್ ತಲೆಯೆತ್ತದೆಯೇ ಕೇಳಿದ: "ಏನಯ್ಯಾ, ಇವತ್ತು ದಿಬ್ಬಾನೇ ಕಟ್ತೀಯೋ, ಇಲ್ಲ ಧಣಿಗೂ ಒಂದೆರಡು ಕಲ್ಲು ಉಳಿಸ್ತೀಯೋ?" ಓಟ್ಮಾರ್ ಇನ್ನೊಂದು ಚಪ್ಪಡಿ ಎತ್ತಿಕೊಂಡ. ಸಂಜೆ ನಾಲ್ಕಕ್ಕೆ ಮ್ಯೂನಿಕ್ಕಿನ ಡಾಕ್ಟರು ಮನೆಗೆ ಬರುವವರಿದ್ದರು. ಹೇಳಿ ಹೋಗುವುದಕ್ಕೆ ಅಷ್ಟೆ, ಬೇರೇನೂ ಇಲ್ಲ. ಸೋಮವಾರ ಕೇಳಬೇಕಾದ್ದನ್ನೆಲ್ಲ ಕೇಳಿಯಾಗಿತ್ತು. "ಮ್ಯೂಸಿಯಮ್ಮಿನಲ್ಲಿರೋ ಆ ಕಲ್ಲಿನ ಕೆಳಗಿನ ಪದರ ನಿಮ್ಮ ಪಾಲಿಗೆ ಬಂದಿತ್ತಂತಲ್ಲ, ಈಗೆಲ್ಲಿದೆ?" ಎಂದು ಡಾಕ್ಟರು ಕೇಳಿದಾಗ ಓಟ್ಮಾರ್ ಕಿಟಕಿಯ ಕಡೆ ನೋಡುತ್ತ "ಒಡೆದು ಹೋಯ್ತು" ಅಂದಿದ್ದ. ಒಲೆಯ ಹತ್ತಿರ ನಿಂತಿದ್ದ ಹೆಂಡತಿ ಸೆಂಜಿ ಮುಚ್ಚಳವೊಂದನ್ನು ಪಾತ್ರೆಯ ಮೇಲಿಟ್ಟಳು.

ಅದು ಒಡೆದಿರಲಿಲ್ಲ.

ಆ ಗುಡ್ಡದ ಮೇಲೆ ಬಹಳ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು. ಇಬ್ಬರು ಸೇರಿ ಒಂದು ಕಲ್ಲನ್ನು ಸೀಳುವಾಗ ಒಳಗೆ ಮೀನೋ ಸೀಗಡಿಯೋ ಎಲೆಯೋ ಏನಾದರೂ ಸಿಕ್ಕರೆ, ಹೊಡೆದವನಿಗೆ ಕೆಳಗಿನ ಪದರ, ಎತ್ತಿದವನಿಗೆ ಮೇಲಿನದು. ಯಾವುದಕ್ಕೆ ಏನು ಅಂಟಿಕೊಂಡಿದೆ ಎಂದು ಕೇಳುವ ಹಾಗಿಲ್ಲ. ಜಗಳ ಬೇಡವೆಂದು ಹಿರಿಯರು ಮಾಡಿದ್ದು. ಜಗಳವನ್ನು ಅದು ತಪ್ಪಿಸಿಯೂ ಇತ್ತು. ಹೊಟ್ಟೆಯೊಳಗಿನದನ್ನು ತಪ್ಪಿಸುವ ಪದ್ಧತಿಯನ್ನು ಯಾವ ಹಿರಿಯರೂ ಮಾಡಿರಲಿಲ್ಲ. ಯುದ್ಧಕ್ಕೆ ಮುಂಚಿನ ಆ ಬೇಸಿಗೆಯ ಬೆಳಿಗ್ಗೆ ಉಳಿಯಿಟ್ಟು ಹೊಡೆದವನು ಓಟ್ಮಾರ್. ಎಡಗೈಯಿಂದ, ಮೂರು ಪೆಟ್ಟು, ಮೂರನೆಯದಕ್ಕೆ ಕಲ್ಲು ನಿಟ್ಟುಸಿರು ಬಿಟ್ಟ ಹಾಗೆ ಬಾಯಿ ಬಿಟ್ಟಿತು. ಅಣ್ಣ ಆನ್ಸೆಲ್ಮ್ ಬಗ್ಗಿ ಮೇಲಿನ ಪದರವನ್ನು ಪುಸ್ತಕದ ರಟ್ಟು ತೆರೆಯುವಂತೆ ಎತ್ತಿ ಅಂಗಾತ ಮಾಡಿದ. ಅದರ ಮೈಮೇಲೆ ಕಂದು ಬಣ್ಣದ ಎಲುಬುಗಳು ಒಪ್ಪವಾಗಿ ಮಲಗಿದ್ದವು: ಉದ್ದ ಮೂತಿ, ಗುಬ್ಬಿಯ ಎದೆಯಂಥ ಎದೆ, ಮೊಣಕೈಯಾಚೆ ಒಂದೇ ಒಂದು ಬೆರಳು ಹುಚ್ಚು ಹಿಡಿದಂತೆ ಬೆಳೆದು ರೆಕ್ಕೆಯ ಕೋಲಾಗಿ ಮಡಚಿಕೊಂಡಿತ್ತು. ಓಟ್ಮಾರನ ಕಾಲ ಬಳಿಯ ಕೆಳಗಿನ ಪದರದಲ್ಲಿ ಅದರ ಅಚ್ಚು ಮಾತ್ರ. ಹೆಗಲಿನ ಹತ್ತಿರ ನಾಲ್ಕಾರು ಚೂರು ಎಲುಬು ಕಿತ್ತು ಬಂದು ಅಂಟಿದ್ದು ಬಿಟ್ಟರೆ ಬರಿಯ ನೆರಳು. "ಹಾರುಹಲ್ಲಿ ಕಣೋ!" ಎಂದು ಆನ್ಸೆಲ್ಮ್ ಕೂಗಿದ್ದ. ಆ ಕೂಗಿನಲ್ಲಿ ನಂಜಿರಲಿಲ್ಲ, ಖುಷಿ ಮಾತ್ರ ಇತ್ತು. ಅಣ್ಣನಲ್ಲಿ ನಂಜೇ ಇರಲಿಲ್ಲ, ಅದೇ ಸಹಿಸಲಾಗದ್ದು. ತಿಂಗಳಾದ ಮೇಲೆ ಟೊಪ್ಪಿಗೆ ಹಾಕಿಕೊಂಡ ಪ್ರೊಫೆಸರೊಬ್ಬರು ಗಣಿಗೆ ಬಂದು, ಎಲುಬುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಹೀಗೆ ಇಷ್ಟು ಚಿಕ್ಕ ಮೈಗೆ ಇಷ್ಟು ದೊಡ್ಡ ಕಣ್ಣಿನ ಹಾರುಹಲ್ಲಿ ಜಗತ್ತಿನಲ್ಲೇ ಇದುವರೆಗೆ ಸಿಕ್ಕಿಲ್ಲ, ಇದು ಹೊಸದು, ಕಂಡುಹಿಡಿದವನ ಹೆಸರನ್ನೇ ಇಡುತ್ತೇನೆ ಎಂದು ಆನ್ಸೆಲ್ಮನ ಕೈ ಕುಲುಕಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದವನತ್ತ ತಿರುಗಿ "ಇವರು?" ಅಂದರು. "ನನ್ನ ತಮ್ಮ," ಎಂದ ಆನ್ಸೆಲ್ಮ್, ಹೆಗಲ ಮೇಲೆ ಕೈಹಾಕಿ, ತುಂಬ ಪ್ರೀತಿಯಿಂದ. "ಕಲ್ಲು ಹಿಡ್ಕೊಂಡಿದ್ದ."

ಹೊಡೆದವನು ನಾನು ಎಂದು ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಪ್ರೊಫೆಸರರ ಶೂಸಿನ ಮೇಲೆ ಬಿಳಿ ಧೂಳು ಕೂತಿದ್ದನ್ನು ನೋಡುತ್ತ ನಿಂತವನಿಗೆ ಮಾತಿನ ಹೊತ್ತು ಮೀರಿಹೋಯಿತು, ಮೀರಿದ್ದು ಮೀರಿಯೇ ಉಳಿಯಿತು. ಮುಂದೆ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಕಲ್ಲು ನಿಂತಿತು; ಕೆಳಗೆ ಹಿತ್ತಾಳೆಯ ಫಲಕದಲ್ಲಿ ಲ್ಯಾಟಿನ್ನಿನ ಉದ್ದನೆಯ ಹೆಸರು, ಕೊನೆಗೆ ಬಾಲದಂತೆ "ಆನ್ಸೆಲ್ಮಿ". ಮುಂದಿನ ವರ್ಷ ಯುದ್ಧ ಬಂತು. ಗಂಡಸರನ್ನು ಕರೆಯುವ ಕಾಗದಗಳು ಹಳ್ಳಿಗೆ ಬರತೊಡಗಿದ ವಾರವೇ, ಬಲಗೈಯಲ್ಲಿ ಚಪ್ಪಡಿ ಹಿಡಿದು ಎಡಗೈಯಲ್ಲಿ ಅಂಚು ಹೊಡೆಯುತ್ತಿದ್ದ ಓಟ್ಮಾರನ ಸುತ್ತಿಗೆ ಬಲಗೈಯ ತೋರುಬೆರಳಿನ ಮೇಲೆ ಬಿತ್ತು. ತನ್ನ ಕುತ್ತಿಗೆಯ ವಸ್ತ್ರವನ್ನೇ ಬಿಚ್ಚಿ ಕಟ್ಟಿದವನು ಆನ್ಸೆಲ್ಮ್. "ಎಡಚನ ಸುತ್ತಿಗೆಗೂ ಒಂದು ದಿನ ಗುರಿ ತಪ್ಪುತ್ತೆ ಅಂತಾಯ್ತು," ಎಂದು ನಕ್ಕಿದ್ದ. ಆ ನಗುವಿನಲ್ಲೂ ಏನೂ ಇರಲಿಲ್ಲ. ತಪ್ಪಿತೋ ತಪ್ಪಿಸಿದೆನೋ ಎಂಬುದು ಓಟ್ಮಾರನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ನಿಜವೋ, ಗೊತ್ತಿಲ್ಲವೆಂದು ಇಷ್ಟು ಕಾಲ ಹೇಳಿಕೊಂಡು ಬಂದದ್ದರಿಂದ ಗೊತ್ತಿಲ್ಲದಾಯಿತೋ, ಅದೂ ಗೊತ್ತಿರಲಿಲ್ಲ. ಬಂದೂಕಿನ ಕುದುರೆ ಎಳೆಯುವ ಬೆರಳಿಲ್ಲದವನನ್ನು ಬಿಟ್ಟು ಕಾಗದ ಅಣ್ಣನನ್ನು ಕರೆದುಕೊಂಡು ಹೋಯಿತು. ಅವನು ರಷ್ಯಾದ ಹಿಮದಲ್ಲಿ ಎಲ್ಲೋ ಕಾಣೆಯಾದ. ಸತ್ತನೆಂದು ಯಾರೂ ಹೇಳಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರಿದೆ ಎಂದಷ್ಟೇ. ಅವನಿಗೆಂದು ಗೊತ್ತುಮಾಡಿದ್ದ ಹುಡುಗಿ ಸೆಂಜಿ ಕಾದಳು, ಯುದ್ಧ ಮುಗಿಯಿತು, ಇನ್ನಷ್ಟು ಕಾದಳು, ಕೊನೆಗೆ ಪಾದ್ರಿಯವರು ನಡುವೆ ಬಂದ ಮೇಲೆ ಓಟ್ಮಾರನನ್ನು ಮದುವೆಯಾದಳು. ಆ ದಿನದಿಂದ ಇಬ್ಬರೂ ಮಾತಾಡಿಕೊಳ್ಳದೆಯೇ ಒಂದು ಒಪ್ಪಂದಕ್ಕೆ ಬಂದಿದ್ದರು: ಮನೆಯಲ್ಲಿ ಆ ಹೆಸರನ್ನು ಎತ್ತುವುದಿಲ್ಲ. ಎತ್ತಲೂ ಇಲ್ಲ. ಆದರೆ ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ಊರ ಹೆಂಗಸರೆಲ್ಲ ಸ್ಮಶಾನದಲ್ಲಿ ತಂತಮ್ಮ ಗೋರಿಗಳ ಮೇಲೆ ದೀಪವಿಟ್ಟು ಮನೆಗೆ ಹೋದ ಮೇಲೆ ಸೆಂಜಿ ಕಪ್ಪು ಕೋಟು ತೊಟ್ಟು ಪಟ್ಟಣದ ಬಸ್ಸು ಹತ್ತುತ್ತಿದ್ದಳು. "ದಾರದ ಉಂಡೆ ತರಬೇಕು" ಎನ್ನುತ್ತಿದ್ದಳು. ಆ ದಿನ ದಾರದ ಅಂಗಡಿ ತೆರೆದಿರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಒಮ್ಮೆ ಹಿಂದೆಯೇ ಹೋಗಿ ಮ್ಯೂಸಿಯಮ್ಮಿನ ಬಾಗಿಲ ಸಂದಿಯಿಂದ ನೋಡಿದ್ದ. ಗಾಜಿನ ಎದುರು ಕೈಕಟ್ಟಿ ನಿಂತಿದ್ದಳು. ಎಲುಬುಗಳ ಕಡೆ ಅವಳ ಕಣ್ಣಿರಲಿಲ್ಲ, ಕೆಳಗಿನ ಹಿತ್ತಾಳೆಯ ಮೇಲಿತ್ತು. ಅಣ್ಣನಿಗೆ ಗೋರಿಯಿಲ್ಲ, ಇದ್ದದ್ದು ಅದೊಂದೇ.

ಕಣಿವೆಯಿಂದ ಮಧ್ಯಾಹ್ನದ ಗಂಟೆ ಕೇಳಿಸಿತು. ಸುತ್ತಿಗೆಗಳು ನಿಂತವು. ಶುಕ್ರವಾರವಾದ್ದರಿಂದ ಮಾಂಸವಿಲ್ಲ, ಕೊರ್ಬಿನಿಯನ್ ಮೂಲಂಗಿಯನ್ನು ಸುರುಳಿಯಾಗಿ ಕೊಯ್ದು ಉಪ್ಪು ಹಚ್ಚಿ, ಬಿಯರ್ ಬಾಟಲಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಓಟ್ಮಾರನ ಎದುರು ಕಲ್ಲಿನ ಮೇಲೆ ಕೂತ.

"ನಿಮ್ಮನೆಗೆ ಡಾಕ್ಟ್ರು ಬರ್ತಾವ್ರಂತೆ. ಯಾರಿಗಪ್ಪಾ ಹುಷಾರಿಲ್ಲ?"

"ಆ ಡಾಕ್ಟ್ರಲ್ಲ."

"ಗೊತ್ತು ಬಿಡು. ಸತ್ತು ಕಲ್ಲಾದ ಮೇಲೆ ನಾಡಿ ಹಿಡಿಯೋ ಡಾಕ್ಟ್ರು. ಹೋಟ್ಲಲ್ಲಿ ಹೇಳ್ತಿದ್ರು, ಅದೇನೋ ಪಕ್ಷಿಗೆ ಹೆಸರು ಬದಲಾಯಿಸ್ತಾರಂತೆ?"

"ಪಕ್ಷಿ ಅಲ್ಲ. ಅದು ಬೇರೆ ಜಾತಿನೇ ಅಲ್ಲವಂತೆ. ಮೊದಲೇ ಹೆಸರಿಟ್ಟಿರೋ ಇನ್ನೊಂದರ ಮರಿ ಇರಬಹುದಂತೆ. ಮರಿಗಳಿಗೆ ಕಣ್ಣು ದೊಡ್ಡದಿರುತ್ತಲ್ಲ, ಹಾಗೆ."

"ಅಂದ್ರೆ?"

"ಅಂದ್ರೆ ಆ ಹೆಸರು ಹೋಗುತ್ತೆ. ಗುರುತು ಸಿಕ್ಕಿದ್ರೆ. ಸಿಕ್ಕಿಲ್ಲ."

ಕೊರ್ಬಿನಿಯನ್ ಮೂಲಂಗಿ ಅಗಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ಆಮೇಲೆ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, "ಪಾಪ, ಆನ್ಸೆಲ್ಮ. ರಷ್ಯಾದೋರ ಕೈಗೂ ಸಿಗದೋನ್ನ ಮ್ಯೂನಿಕ್ಕಿನೋರು ಹಿಡಿದ್ರು," ಎಂದ. ತಾನೇ ನಕ್ಕ. "ನಿಂಗೆ ಹೊಟ್ಟೆ ತಣ್ಣಗಾಗಿರಬೇಕಲ್ಲೋ?"

"ಏನು ಮಾತಾಡ್ತೀಯೋ? ನನ್ನ ಒಡಹುಟ್ಟಿದೋನು."

"ಅದಕ್ಕೇ ಕೇಳಿದ್ದು," ಎಂದ ಕೊರ್ಬಿನಿಯನ್. "ಪಕ್ಕದ ಮನೆಯೋನಾಗಿದ್ರೆ ಕೇಳ್ತಿರಲಿಲ್ಲ."

ಓಟ್ಮಾರ್ ರೊಟ್ಟಿಯನ್ನು ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟ. ಹೊಟ್ಟೆ ತಣ್ಣಗಾಗಿತ್ತೇ? ಸೋಮವಾರ ಡಾಕ್ಟರು ಮರಿಯೆಂಬ ಮಾತು ಆಡಿದ ಕ್ಷಣ ಎದೆಯೊಳಗೆ ಏನೋ ನೆಗೆದದ್ದು ನಿಜ. ಹೋಳಿಗೆ ಕದಿಯಲು ಅವಕಾಶ ಸಿಕ್ಕ ಹುಡುಗನ ಎದೆ ನೆಗೆಯುತ್ತದಲ್ಲ, ಹಾಗೆ. ಅದರ ಬೆನ್ನಿಗೇ ಬಂದ ನಾಚಿಕೆಯಿಂದಲೇ ಒಡೆದು ಹೋಯಿತೆಂದು ಸುಳ್ಳು ಹೇಳಿದ್ದು. ಅಂದರೆ ಅಣ್ಣನ ಹೆಸರನ್ನು ಉಳಿಸಿದ ಹಾಗಾಯಿತು. ಅಂದರೆ ತಾನು ಒಳ್ಳೆಯವನು. ಮಂಗಳವಾರ ಪೂರ್ತಿ ತಾನು ಒಳ್ಳೆಯವನೆಂಬ ಭಾವದಲ್ಲೇ ಕಲ್ಲು ಹೊಡೆದಿದ್ದ. ಬುಧವಾರದ ಹೊತ್ತಿಗೆ ಅದು ಹುಳಿಯಾಗತೊಡಗಿತು. ಸುಳ್ಳು ಹೇಳಿ ಉಳಿಸಿದ ಹೆಸರು ಎಂಥ ಹೆಸರು? ಅದು ಮರಿಯೇ ಆಗಿದ್ದರೆ ಮರಿ ಎನ್ನುವುದೇ ಧರ್ಮವಲ್ಲವೇ? ಆ ಡಾಕ್ಟರಾದರೂ ಪಾಪ, ಊರೂರು ತಿರುಗಿ, ಗಾಜುಗಳ ಹಿಂದೆ ಇಣುಕಿ, ಒಂದು ಸತ್ಯಕ್ಕಾಗಿ ಸವೆಯುತ್ತಿರುವ ಹುಡುಗ. ಅವನ ದಾರಿಗೆ ಅಡ್ಡ ಮಲಗುವುದಕ್ಕೆ ತಾನ್ಯಾರು? ಹೀಗೆ ಸತ್ಯವು ಅವನ ಕಡೆಗೆ ಮೆಲ್ಲಮೆಲ್ಲಗೆ, ಸಾಲ ಕೇಳಲು ಬರುವ ನೆಂಟನ ಹಾಗೆ ನಗುತ್ತ ಬರುತ್ತಿತ್ತು. ಅದರ ಮುಖ ನೋಡಲು ಅವನಿಗೆ ಹೇಸಿಗೆಯಾಗುತ್ತಿತ್ತು.

ಮೂರಕ್ಕೇ ಕೆಲಸ ಬಿಟ್ಟು ಸೈಕಲ್ ಹತ್ತಿದ. ಇಳಿಜಾರಿನ ಎರಡೂ ಕಡೆ ಜುನಿಪರ್ ಪೊದೆಗಳು, ಕುರಿಗಳು ಮೇಯ್ದು ಬೋಳಾದ ಹುಲ್ಲು, ಕೆಳಗೆ ಆಲ್ಟ್‌ಮ್ಯೂಲ್ ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ. ಊರಿನ ಮನೆಗಳ ಮಾಡೂ ಕಲ್ಲು, ಗೋಡೆಯೂ ಕಲ್ಲು, ನೆಲವೂ ಕಲ್ಲು. ಗಣಿಯವರ ಮನೆಯ ನೆಲಕ್ಕೆ ಒಳ್ಳೆಯ ಚಪ್ಪಡಿ ಯಾರೂ ಹಾಕುವುದಿಲ್ಲ. ಮಾರಾಟಕ್ಕಾಗದ್ದು, ಕಲೆಯಿದ್ದದ್ದು, ಮೀನಿನ ಮೂಳೆ ಅಂಟಿದ್ದು, ಇವನ್ನೆಲ್ಲ ಬೋರಲು ಮಾಡಿ ಮರಳಿನ ಮೇಲೆ ಹಾಸುತ್ತಾರೆ. ಅವನ ಮನೆಯ ಅಡುಗೆಕೋಣೆಯ ನೆಲವನ್ನು ಮದುವೆಗೆ ಮುಂಚಿನ ವಾರ ಅವನೇ ಹಾಸಿದ. ಬಾಗಿಲಿಗೂ ಮೇಜಿಗೂ ನಡುವೆ, ಒಳಗೆ ಬರುವವರೆಲ್ಲ ಮೊದಲ ಹೆಜ್ಜೆಯಿಡುವಲ್ಲಿ, ತನ್ನ ಪಾಲಿನ ಕಲ್ಲನ್ನು ಮುಖ ಕೆಳಗೆ ಮಾಡಿ ಹಾಕಿದ. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ಒಡೆದು ದಿಬ್ಬಕ್ಕೆ ಎಸೆಯುತ್ತಿದ್ದ. ಮದುವಣಗಿತ್ತಿ ಹೊಸ್ತಿಲು ದಾಟಿ ಮೊದಲು ಅದರ ಮೇಲೇ ಕಾಲಿಟ್ಟಳು. ಅವಳ ಬಿಳಿ ಲಂಗದ ಅಂಚು ಅದನ್ನು ಸವರಿತು. ಆಗ ತನಗಾದದ್ದಕ್ಕೆ ಏನು ಹೆಸರು? ಗೆದ್ದ ಹಾಗೆ ಅಂದುಕೊಂಡಿದ್ದ. ವರ್ಷಗಳು ಕಳೆದಂತೆ, ಮಂಡಿಯೂರಿ ಸೋಪಿನ ನೀರು ಚೆಲ್ಲಿ ಆ ನೆಲವನ್ನು ಉಜ್ಜುವ ಅವಳ ಬೆನ್ನನ್ನು ನೋಡುವಾಗಲೆಲ್ಲ, ಗೆದ್ದವರ ಮನೆ ಹೀಗಿರುತ್ತದೆಯೇ ಎಂಬ ಸಂದೇಹ ಬರುತ್ತಿತ್ತು.

ಡಾಕ್ಟರು ಅದಾಗಲೇ ಬಂದು ಮೇಜಿನ ಮುಂದೆ ಕೂತಿದ್ದರು. ಮೂವತ್ತು ದಾಟಿರದ ತೆಳ್ಳನೆಯ ಮನುಷ್ಯ, ಹೆಸರು ವೀಲಾಂಡ್, ಸಕ್ಕರೆ ಹಾಕದೆ ಕಾಫಿ ಕುಡಿಯುತ್ತಿದ್ದರು. ಸೆಂಜಿ ಪ್ಲಮ್ ಹಣ್ಣಿನ ಕೇಕು ಮಾಡಿದ್ದಳು. ಮನೆಯೆಲ್ಲ ಹುಳಿಸಿಹಿ ವಾಸನೆ. ಓಟ್ಮಾರ್ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ ಕೂತ.

"ನಿಮಗೆ ತೊಂದರೆ ಕೊಟ್ಟೆ," ಎಂದರು ಡಾಕ್ಟರು. "ಈ ವಾರವೆಲ್ಲ ಮೇಲಿನ ಪದರವನ್ನೇ ಹತ್ತು ರೀತಿ ನೋಡಿದೆ. ಕೊರಳು, ಮೂತಿ, ಕಾಲು ಎಲ್ಲ ಇದೆ. ಹೆಗಲು ಮಾತ್ರ ಇಲ್ಲ, ಅದು ಕಿತ್ತುಕೊಂಡು ಕೆಳಗಿನದಕ್ಕೆ ಹೋಗಿದೆ. ನನಗೆ ಬೇಕಾದ್ದು ಅದೊಂದೇ. ಹೆಗಲಿನ ಎರಡು ಎಲುಬು ಬೆಸೆದುಕೊಂಡಿದ್ದರೆ ಬೆಳೆದ ಪ್ರಾಣಿ. ಬೇರೆಬೇರೆಯಾಗಿದ್ದರೆ ಮರಿ. ಇಷ್ಟೇ ವಿಷಯ."

"ಈಗೇನು ಮಾಡ್ತೀರಿ ಡಾಕ್ಟ್ರೇ?" ಎಂದು ಕೇಳಿದವಳು ಸೆಂಜಿ. ಅವಳು ಕೂತಿರಲಿಲ್ಲ.

"ಮಾಡೋದಕ್ಕೇನಿದೆ ಅಮ್ಮಾ? ಸಾಕ್ಷಿಯಿಲ್ಲದೆ ಒಂದು ಹೆಸರನ್ನು ಹೊಡೆದು ಹಾಕೋ ಹಾಗಿಲ್ಲ. ಅನುಮಾನ ಇದೆ ಅಂತ ಒಂದು ಸಾಲು ಬರೆದು ಬಿಡ್ತೀನಿ. ಆನ್ಸೆಲ್ಮಿ ಹಾಗೇ ಇರುತ್ತೆ."

ಆ ಹೆಸರು ಮೇಜಿನ ಮೇಲೆ, ಕೇಕಿನ ತಟ್ಟೆಗೂ ಹಾಲಿನ ಕುಡಿಕೆಗೂ ನಡುವೆ ಬಂದು ಕೂತಿತು. ಆಗ ಓಟ್ಮಾರ್ ಅವಳ ಮುಖ ನೋಡಿದ. ಅವಳು ಮುಗುಳ್ನಕ್ಕಿದ್ದಳು. ಒಳಗೆ ಯಾರೋ ಕಿಟಕಿ ತೆಗೆದರೆ ಪರದೆ ತಾನಾಗಿ ಉಬ್ಬುವ ಹಾಗೆ, ಅವಳಿಗೇ ತಿಳಿಯದೆ ಬಂದ ನಗು. ಕೆನ್ನೆಯಲ್ಲಿ ಕುಳಿ ಬಿದ್ದಿತ್ತು. ಅವಳ ಕೆನ್ನೆಯಲ್ಲಿ ಕುಳಿ ಬೀಳುತ್ತದೆಂಬುದನ್ನೇ ಅವನು ಮರೆತಿದ್ದ. ಮದುವೆಯ ದಿನ ಬಿದ್ದಿತ್ತೇ? ಇಲ್ಲ. ಅದು ಅದಕ್ಕೂ ಮುಂಚಿನ ಸೆಂಜಿ, ಗಣಿಗೆ ಊಟದ ಬುತ್ತಿ ತರುತ್ತಿದ್ದ, ಅಣ್ಣನ ಧೂಳು ಮೆತ್ತಿದ ರೆಪ್ಪೆಗಳನ್ನು ನೋಡಿ ನಗುತ್ತಿದ್ದ ಸೆಂಜಿ. ಅವಳು ಕೇಕಿನ ಇನ್ನೊಂದು ದೊಡ್ಡ ತುಂಡನ್ನು, ಹಣ್ಣು ಹೆಚ್ಚಿದ್ದ ಮಧ್ಯದ ತುಂಡನ್ನೇ ಆರಿಸಿ, ಡಾಕ್ಟರ ತಟ್ಟೆಗೆ ಹಾಕಿದಳು. "ತಿನ್ನಿ, ತಿನ್ನಿ, ಮ್ಯೂನಿಕ್ಕಲ್ಲಿ ಇಂಥ ಹಣ್ಣು ಎಲ್ಲಿ ಸಿಗುತ್ತೆ?" ಅಂದಳು. ದನಿ ಕೂಡ ಬೇರೆಯಾಗಿತ್ತು, ಹುಡುಗಿಯ ದನಿ.

"ಇದೆ," ಎಂದ ಓಟ್ಮಾರ್.

ಅದು ತನ್ನ ಬಾಯಿಂದ ಬಂದದ್ದೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಧರ್ಮ, ಸತ್ಯ, ಬಡ ಡಾಕ್ಟರ ಶ್ರಮ, ಮೂರು ದಿನದಿಂದ ಕಟ್ಟಿದ್ದ ಯಾವ ಮಾತೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಕೆನ್ನೆಯ ಕುಳಿ ಇತ್ತು, ಕೇಕಿನ ತುಂಡು ಇತ್ತು, ಅಷ್ಟೆ.

"ಏನು ಇದೆ?" ಎಂದರು ಡಾಕ್ಟರು.

"ಕೆಳಗಿನ ಪದರ. ಒಡೆದಿಲ್ಲ. ಇಲ್ಲೇ ಇದೆ."

ಸೆಂಜಿ ಚಾಕುವನ್ನು ಮೇಜಿನ ಮೇಲಿಟ್ಟಳು. ನಗು ಹೋದದ್ದು ಯಾವಾಗ ಎಂದು ಅವನು ನೋಡಲಿಲ್ಲ. ಹಾರೆ ತರಲು ಹಿತ್ತಲಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಅವಳು ಬಾಗಿಲ ಒಳಗಿನ ಚಿಂದಿ ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸಿ, ಡಾಕ್ಟರ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಸರಿಯಾಗಿ ಆ ಚಪ್ಪಡಿಯ ಪಕ್ಕದಲ್ಲಿ ನಿಂತಿದ್ದಳು. ಯಾವುದು ಎಂದು ಅವನು ಇನ್ನೂ ಹೇಳಿರಲಿಲ್ಲ. ಹಾರೆ ಹಿಡಿದ ಕೈ ಅಲ್ಲೇ ನಿಂತಿತು.

"ನಿಂಗೆ ಗೊತ್ತಿತ್ತಾ?"

"ಮದುವೆಯಾಗಿ ಬಂದ ವಾರವೇ ಗೊತ್ತಾಯ್ತು."

"ಹೇಗೆ?"

"ಈ ಮನೆಯಲ್ಲಿ ನೀನು ಒಂದು ದಿನವಾದರೂ ಅದರ ಮೇಲೆ ಕಾಲಿಟ್ಟಿದ್ದೀಯಾ?" ಎಂದಳು. ಜಗಳದ ದನಿಯಲ್ಲ, ಉಪ್ಪು ಮುಗಿದಿದೆ ಎನ್ನುವ ದನಿ. "ದಾಟ್ಕೊಂಡೇ ಬರ್ತೀಯಾ, ದಾಟ್ಕೊಂಡೇ ಹೋಗ್ತೀಯಾ. ಕುಡಿದು ಬಂದ ದಿನ ಕೂಡ. ಇಗೋ ಎಬ್ಬಿಸು, ಡಾಕ್ಟ್ರು ಕಾಯ್ತಾವ್ರೆ."

ಅವನು ಮಂಡಿಯೂರಿದ. ದಿನಾ ತುಳಿಯುತ್ತಿದ್ದೇನೆ ಎಂದೇ ನಂಬಿ ಬದುಕಿದ್ದ. ಆ ನಂಬಿಕೆಯ ಆಸರೆಯಲ್ಲೇ ಎಷ್ಟೋ ಸಂಜೆಗಳನ್ನು ಕಳೆದಿದ್ದ. ಈಗ ಸಂದಿಗೆ ಹಾರೆಯ ತುದಿ ತುರುಕುವಾಗ ಕಾಲುಗಳಿಗೆ ತಮ್ಮದೇ ನೆನಪು ಬಂದಂತಾಗಿ, ಹೊಸ್ತಿಲ ಮೇಲೆ ಬಲಗಾಲು ಮೊದಲಿಟ್ಟು ಎಡಗಾಲನ್ನು ಉದ್ದಕ್ಕೆ ಚಾಚುವ ಆ ಅರ್ಧ ನೆಗೆತ, ಊರವರು ಅವನ ನಡಿಗೆಯೇ ಹಾಗೆ ಅಂದುಕೊಂಡಿದ್ದ ಆ ನೆಗೆತ, ಮೈಯಲ್ಲಿ ಒಮ್ಮೆ ಹಾದುಹೋಯಿತು. ಕಿವಿ ಬಿಸಿಯಾಯಿತು. ಚಪ್ಪಡಿ ಮೇಲೆದ್ದಿತು. ಡಾಕ್ಟರೂ ಕೈಕೊಟ್ಟರು. ಇಬ್ಬರೂ ಸೇರಿ ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದಾಗ ಜರಡಿ ಹಿಡಿದ ಸಣ್ಣ ಮರಳು ತಟ್ಟೆಗಳ ಮೇಲೆಲ್ಲ ಸುರಿಯಿತು.

"ಎಷ್ಟು ಜೋಪಾನವಾಗಿ ಇಟ್ಟಿದ್ದೀರಿ!" ಎಂದರು ಡಾಕ್ಟರು. ನಿಜವಾಗಿಯೂ ಮೆಚ್ಚಿ ಅಂದದ್ದು. "ಬೇರೆಯವರಾಗಿದ್ದರೆ ಸುಣ್ಣದ ಗಾರೆ ಹಾಕಿಬಿಡೋರು. ಎಲ್ಲ ತಿಂದು ಹೋಗ್ತಿತ್ತು. ನೀವು ಮರಳು ಜರಡಿ ಹಿಡಿದು ಹಾಸಿದ್ದೀರಿ." ಜೇಬಿನಿಂದ ಕುಂಚ ತೆಗೆದು ಹೆಗಲಿನ ಜಾಗವನ್ನು ಸವರಿದರು. ಭೂತಗನ್ನಡಿ ಹಚ್ಚಿ ಬಗ್ಗಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಓಟ್ಮಾರ್ ಕಾದ. ಹುಡುಗನಾಗಿದ್ದಾಗ ಪಾದ್ರಿಯ ಮುಂದೆ ಪಾಪ ಹೇಳಿಕೊಂಡು, ಆ ಕಡೆಯಿಂದ ದನಿ ಬರುವ ತನಕ ಹೀಗೇ ಕಾಯುತ್ತಿದ್ದ. ಆಗಲೂ ಶಿಕ್ಷೆ ಇರಲೆಂದೇ ಆಸೆ, ಇರದಿರಲೆಂದೂ ಆಸೆ.

"ಬೇರೆಬೇರೆ," ಎಂದರು ಡಾಕ್ಟರು ಕೊನೆಗೆ. ತಲೆಯೆತ್ತಿದಾಗ ಅವರ ಮುಖ ಹಬ್ಬದ ಮುಖವಾಗಿತ್ತು. "ನೋಡಿ, ಇದೊಂದು ಎಲುಬು, ಇದೊಂದು. ನಡುವೆ ಗೆರೆ. ಬೆಸೆದೇ ಇಲ್ಲ. ಮೊಟ್ಟೆಯಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ ಇದಕ್ಕೆ. ಸರಿಯಾಗಿ ಹಾರೋದನ್ನ ಕಲಿತಿತ್ತೋ ಇಲ್ಲವೋ."

"ಮರಿ," ಎಂದಳು ಸೆಂಜಿ.

"ಮರಿ ಅಮ್ಮಾ. ದೊಡ್ಡದಕ್ಕೆ ನೂರು ವರ್ಷದ ಹಿಂದೆಯೇ ಹೆಸರಿಟ್ಟಾಗಿದೆ. ಮೊದಲು ಇಟ್ಟದ್ದೇ ನಿಲ್ಲಬೇಕು ಅನ್ನೋದು ನಮ್ಮಲ್ಲಿ ಕಟ್ಟಳೆ."

"ಹಾಗಾದ್ರೆ ಮ್ಯೂಸಿಯಮ್ಮಿನ ಆ ಫಲಕ?"

ಡಾಕ್ಟರು ಆಗ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದರು. "ಬದಲಾಯಿಸಬೇಕಾಗುತ್ತೆ."

"ಈ ಹೆಸರನ್ನ ಅಳಿಸಿ ಹಾಕ್ತೀರಾ?"

"ಅಳಿಸೋದಿಲ್ಲ. ಒಮ್ಮೆ ಅಚ್ಚಾದ ಹೆಸರನ್ನ ಅಳಿಸೋದಕ್ಕೆ ಯಾರಿಗೂ ಬರೋದಿಲ್ಲ. ಸರಿಯಾದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರ್ತೀವಿ, ಒಂದು ಕಾಲಕ್ಕೆ ಹೀಗೂ ಕರೆದಿದ್ದರು ಅಂತ. ಆದರೆ ಇನ್ನು ಯಾರೂ ಅದನ್ನ ಬಳಸೋ ಹಾಗಿಲ್ಲ. ಆ ಬಳಗದ ಬೇರೆ ಪ್ರಾಣಿಗೆ ಇಡೋ ಹಾಗೂ ಇಲ್ಲ."

"ಕಾಣೆಯಾದೋರ ಪಟ್ಟಿ ಥರ," ಎಂದಳು ಸೆಂಜಿ.

ಡಾಕ್ಟರಿಗೆ ಅದು ತಿಳಿಯಲಿಲ್ಲ; ನಗಬೇಕೋ ಬೇಡವೋ ಎಂದು ಓಟ್ಮಾರನ ಕಡೆ ನೋಡಿದರು. ಆಮೇಲೆ ಮರ್ಯಾದೆಯ ಮಾತಾಡಿದರು: ಕಲ್ಲನ್ನು ಎರವಲಾಗಿ ಒಯ್ಯುತ್ತೇನೆ, ಲೇಖನದ ಕೊನೆಗೆ ನಿಮಗೆ ಕೃತಜ್ಞತೆ ಹೇಳುತ್ತೇನೆ, ನಿಮ್ಮ ಪ್ರಾಮಾಣಿಕತೆ ಇಲ್ಲದಿದ್ದರೆ ಈ ತಪ್ಪು ತಿದ್ದಲಾಗುತ್ತಲೇ ಇರಲಿಲ್ಲ. "ಹೆಸರು ಹೇಗೆ ಬರೀಲಿ? 'ಆನ್ಸೆಲ್ಮರ ತಮ್ಮ ಓಟ್ಮಾರ್' ಅಂತ ಬರೆದರೆ ಓದೋರಿಗೆ ಗುರುತು ಸಿಗುತ್ತೆ." ಓಟ್ಮಾರ್ ತಲೆಯಾಡಿಸಿದ. ಹೌದೆಂದೋ ಬೇಡವೆಂದೋ ಡಾಕ್ಟರಿಗೆ ಗೊತ್ತಾಗಲಿಲ್ಲ. ಹೌದೆಂದೇ ಬರೆದುಕೊಂಡಿರಬೇಕು. ಕಂಬಳಿಯಲ್ಲಿ ಸುತ್ತಿದ ಕಲ್ಲನ್ನು ಇಬ್ಬರೂ ಕಾರಿಗೆ ಹೊತ್ತರು. ಹೊಡೆದದ್ದು ನಾನು ಎಂದು ಹೇಳಲು ಅದೇ ಸಮಯವಾಗಿತ್ತು. ಈ ಸಲವೂ ಬಾಯಿಗೆ ಬಂತು. ಆದರೆ ಯಾವುದನ್ನು ಹೊಡೆದದ್ದು ಎಂದು ಡಾಕ್ಟರು ಕೇಳಿದ್ದರೆ? ಒಂದು ಮರಿಯನ್ನು, ಹೆಸರಿಲ್ಲದ್ದನ್ನು. ಅದಕ್ಕೆ ಹಕ್ಕು ಸಾಧಿಸಿ ಏನು ಬರುತ್ತದೆ? ಕಾರು ಹೊಳೆಯ ದಾರಿ ಹಿಡಿದು ತಿರುಗುವ ತನಕ ರಸ್ತೆಯಲ್ಲಿ ನಿಂತಿದ್ದ. ಗೆಲುವೆಂಬುದು ಈಗಲಾದರೂ ಬರುತ್ತದೆಂದು ನಿಂತಿದ್ದ. ಪಕ್ಕದ ಮನೆಯ ಕೋಳಿಗಳು ಬಂದು ಅವನ ಶೂಸಿನ ಸುತ್ತ ಕೆದರಿದವು.

ಒಳಗೆ ಬಂದಾಗ ಬಾಗಿಲಿಗೂ ಮೇಜಿಗೂ ನಡುವೆ ಚೌಕಾಕಾರದ ಮರಳಿನ ಗುಂಡಿ. ಅದನ್ನು ಬಳಸಿ ಹೋಗಿ ಕೂತ. ಸೆಂಜಿ ಮೇಜನ್ನು ಒರೆಸಿ, ಬೇಯಿಸಿದ ಆಲೂಗೆಡ್ಡೆಯ ಪಾತ್ರೆಯನ್ನು ನಡುವೆ ಇಟ್ಟು, ಮೊಸರಿನ ಬಟ್ಟಲಿಗೆ ಈರುಳ್ಳಿಸೊಪ್ಪು ಹೆಚ್ಚಿ ಹಾಕಿದಳು. ಇಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು. ಅವಳು ಅಳುತ್ತಾಳೆಂದು ಕಾದ. ಬೈಯುತ್ತಾಳೆಂದು ಕಾದ. ಬೈದಿದ್ದರೆ ಏನು ಹೇಳಬೇಕೆಂಬುದೂ ಸಿದ್ಧವಾಗಿತ್ತು: ಸತ್ಯ ಸತ್ಯವೇ, ನಾಳೆ ಸಿಮೆಂಟಿನ ಹೊಸ ಚಪ್ಪಡಿ ಹಾಕುತ್ತೇನೆ, ಇನ್ನು ನಾವಿಬ್ಬರೇ. ಅವಳು ಒಂದು ಆಲೂಗೆಡ್ಡೆ ಎತ್ತಿಕೊಂಡು, ಬಿಸಿಗೆ ಕೈಯಿಂದ ಕೈಗೆ ಹಾಯಿಸುತ್ತ, ಉಫ್ ಉಫ್ ಎಂದು ಊದಿ ಸಿಪ್ಪೆ ಸುಲಿಯತೊಡಗಿದಳು.

"ಆನ್ಸೆಲ್ಮ್ ಸ್ವಲ್ಪವೂ ಸುಲೀತಿರಲಿಲ್ಲ," ಎಂದಳು. "ಸಿಪ್ಪೆ ಸಮೇತ ತಿನ್ನೋನು. ಗಂಟಲಿಗೆ ಸಿಕ್ಕುತ್ತೆ ಕಣೋ ಅಂದ್ರೆ ಕೇಳ್ತಿರಲಿಲ್ಲ."

ಓಟ್ಮಾರನ ಕೈಯಲ್ಲಿ ಫೋರ್ಕು ನಿಂತಿತು. ಈ ಮನೆ ಕಟ್ಟಿದಂದಿನಿಂದ ಈ ಗೋಡೆಗಳ ನಡುವೆ ಅವಳ ಬಾಯಿಂದ ಆ ಹೆಸರು ಬಂದಿರಲಿಲ್ಲ.

"ಸೆಂಜಿ."

"ಏನು? ಅವರು ಬಳಸೋದಿಲ್ಲ ಅಂದ್ರಲ್ಲ. ಬೇರೆ ಯಾರಿಗೂ ಇಡೋದೂ ಇಲ್ಲವಂತೆ." ಮೊಸರಿನ ಬಟ್ಟಲನ್ನು ಅವನ ಕಡೆ ತಳ್ಳಿದಳು. "ನಾನು ಬಳಸ್ತೀನಿ. ಇಷ್ಟು ದಿನ ಅದಕ್ಕೊಂದು ಜಾಗ ಇತ್ತು, ವರ್ಷಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತಿದ್ದೆ. ಅಷ್ಟರಲ್ಲೇ ಸುಮ್ಮನಿದ್ದೆ. ಇನ್ನೆಲ್ಲಿಗೆ ಹೋಗಲಿ? ಉಪ್ಪು ಬೇಕಾ?"

ಅವನು ಬೇಡವೆಂದ. ಅವಳು ಉಪ್ಪು ಉದುರಿಸಿಕೊಂಡು ತಿಂದಳು, ತಿನ್ನುತ್ತ ಹೇಳಿದಳು. ಆನ್ಸೆಲ್ಮ್ ಹೊಳೆಯಲ್ಲಿ ಬಿದ್ದು ಎದ್ದು ಬಂದದ್ದು. ಆನ್ಸೆಲ್ಮ್ ಕುಣಿತದ ಮನೆಯಲ್ಲಿ ಬೇರೆಯವರ ಟೋಪಿ ಹಾಕಿಕೊಂಡು ಹೋದದ್ದು. ಪಾದ್ರಿಯವರು ಪ್ರಸಂಗ ಮಾಡುವಾಗ ಆನ್ಸೆಲ್ಮ್ ನಿದ್ದೆ ಹೋಗಿ ಮುಂದಿನ ಬೆಂಚಿಗೆ ಹಣೆ ಬಡಿದದ್ದು. ದುಃಖವಿಲ್ಲದ, ಅವಸರವಿಲ್ಲದ ದನಿ. ಸಂತೆಗೆ ಹೋಗಿ ಬಂದವರು ಮನೆಯವರಿಗೆ ಸುದ್ದಿ ಹೇಳುವ ದನಿ. ನಡುನಡುವೆ "ನಿಂಗೂ ನೆನಪಿರಬೇಕಲ್ಲ?" ಎಂದು ಅವನನ್ನು ಕೇಳುತ್ತಿದ್ದಳು. ಅವನಿಗೆ ಎಲ್ಲವೂ ನೆನಪಿತ್ತು. ಅವನು ಆಲೂಗೆಡ್ಡೆಯನ್ನು ಅಗಿದ, ನುಂಗಿದ, ಮತ್ತೊಂದಕ್ಕೆ ಕೈಚಾಚಿದ. ಅವಳು ಪಾತ್ರೆಯನ್ನು ಓರೆ ಮಾಡಿ ಅವನ ತಟ್ಟೆಗೆ ಎರಡು ಹಾಕಿ, "ಇನ್ನೊಂದು ಸಲ ಏನಾಯ್ತು ಗೊತ್ತಾ," ಎಂದು ಶುರುಮಾಡಿದಳು.